ಯೋಕೋಹಾಮಾದಿಂದ ಬಂದ ಪೆಟ್ಟಿಗೆಗಳು

1871ನೆಯ ಇಸವಿಯ ಬೇಸಿಗೆಯ ಆರಂಭದಲ್ಲಿ ಅಮೆರಿಕದ ಒಂದು ಮನೆಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ತಂತಿ ಬಂತು. ತಾನು ಇದ್ದಕ್ಕಿದ್ದಂತೆ ಜಪಾನಿಗೆ ಹೊರಟಿರುವುದಾಗಿ ಆ ಮನೆಯ ಹಿರಿಯ ಮಗ ಅದರಲ್ಲಿ ತಿಳಿಸಿದ್ದ. ಮೊದಲೇ ಮಾತುಕತೆಯಾಗಿರಲಿಲ್ಲ, ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ತಂತಿ ಕೈಗೆ ಬರುವ ಹೊತ್ತಿಗೆ ಹಡಗು ಹೊರಟಾಗಿತ್ತು ಎಂದೇ ತಿಳಿಯಬೇಕು.

ಆ ಮಗನ ಹೆಸರು ಚಾರ್ಲ್ಸ್ ಆ್ಯಪಲ್‌ಟನ್ ಲಾಂಗ್‌ಫೆಲೋ. ಮನೆಯವರ ಬಾಯಲ್ಲಿ ಚಾರ್ಲಿ. ತಂದೆ ಹೆನ್ರಿ ವಾಡ್ಸ್‌ವರ್ತ್ ಲಾಂಗ್‌ಫೆಲೋ ಆ ಕಾಲದ ಅಮೆರಿಕದಲ್ಲಿ ಎಲ್ಲರಿಗಿಂತ ಹೆಚ್ಚು ಓದುಗರಿದ್ದ ಕವಿ. ಅವರ 'ಎ ಸಾಮ್ ಆಫ್ ಲೈಫ್' ಎಂಬ ಪದ್ಯವನ್ನು ನಿಮ್ಮಲ್ಲಿ ಕೆಲವರು ಇಂಗ್ಲಿಷ್ ಪಾಠದಲ್ಲಿ ಓದಿರಬಹುದು. ಕವಿಯ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ. ಇಲ್ಲಿ ನಾವು ನೋಡಹೊರಟಿರುವುದು ಅವರ ಮಗನನ್ನು. ಅವನು ಕವಿಯಲ್ಲ, ವಿದ್ವಾಂಸನಲ್ಲ, ಯಾವ ಉದ್ಯೋಗದಲ್ಲೂ ನಿಂತವನಲ್ಲ. ಆದರೆ ಊರೂರು ಸುತ್ತುತ್ತಾ ಮನೆಗೆ ಕಾಗದ ಬರೆದ, ಪೆಟ್ಟಿಗೆ ಪೆಟ್ಟಿಗೆ ಸಾಮಾನು ಕಳುಹಿಸಿದ. ಆ ಕಾಗದಗಳೂ ಸಾಮಾನುಗಳೂ ಇಂದಿಗೂ ಉಳಿದಿವೆ. ಒಬ್ಬ ಪ್ರವಾಸಿಯ ಕಾಗದ ಮತ್ತು ಅವನು ತಂದ ನೆನಪಿನ ವಸ್ತು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದು ಹೇಗೆ ಎಂಬುದಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಸುಲಭವಾಗಿ ಸಿಗುವುದಿಲ್ಲ.

ಮೊದಲು ಮನೆಯ ವಿಚಾರ. ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಪಟ್ಟಣದ ಬ್ರಾಟಲ್ ಬೀದಿಯಲ್ಲಿರುವ ಈ ಮನೆಯನ್ನು ಕಟ್ಟಿದ್ದು 1759ರಲ್ಲಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಆರಂಭದಲ್ಲಿ, 1775ರ ಜುಲೈನಿಂದ ಮುಂದಿನ ವರ್ಷದ ಏಪ್ರಿಲ್‌ವರೆಗೆ, ಜನರಲ್ ಜಾರ್ಜ್ ವಾಷಿಂಗ್ಟನ್ ಇಲ್ಲೇ ಬೀಡುಬಿಟ್ಟಿದ್ದರು. 1843ರಲ್ಲಿ ಲಾಂಗ್‌ಫೆಲೋ ಅವರು ಫ್ರಾನ್ಸಿಸ್ ಆ್ಯಪಲ್‌ಟನ್ ಎಂಬುವರನ್ನು ಮದುವೆಯಾದಾಗ ಹೆಣ್ಣಿನ ತಂದೆ ನೇಥನ್ ಆ್ಯಪಲ್‌ಟನ್ ಇದನ್ನು ಉಡುಗೊರೆಯಾಗಿ ಕೊಟ್ಟರು. ಮಾವನವರ ಸಂಪತ್ತು ಬಂದದ್ದು ಹತ್ತಿ ಗಿರಣಿಗಳಿಂದ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಾಗದ ಬರೆಯುವುದೂ ಬಂದ ಕಾಗದವನ್ನು ಜೋಪಾನ ಮಾಡುವುದೂ ಈ ಕುಟುಂಬದ ರಕ್ತದಲ್ಲೇ ಇತ್ತು. ತಂದೆ ಲಾಂಗ್‌ಫೆಲೋ ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1826ರಲ್ಲಿ, ಹಾಯಿಹಡಗಿನಲ್ಲಿ ಯೂರೋಪಿಗೆ ಹೋಗಿ ಮೂರು ವರ್ಷ ಇದ್ದು ಬಂದವರು. ಬೋಡನ್ ಕಾಲೇಜಿನಲ್ಲಿ ಆಧುನಿಕ ಭಾಷೆಗಳನ್ನು ಕಲಿಸುವ ಹುದ್ದೆಗೆ ತಯಾರಾಗಲು ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್, ಜರ್ಮನ್ ಕಲಿಯಬೇಕಾಗಿತ್ತು. ಖರ್ಚು ಕೊಡುತ್ತಿದ್ದವರು ಅವರ ತಂದೆ. ಆದ್ದರಿಂದ ಆ ಕಾಗದಗಳು ಒಂದು ಬಗೆಯ ಲೆಕ್ಕಪತ್ರವೂ ಹೌದು. ತಾಯಿ ಫ್ರಾನ್ಸಿಸ್ ಕೂಡ ಮದುವೆಗೆ ಮುಂಚೆ ತಂದೆಯೊಡನೆ ಯೂರೋಪು ಸುತ್ತಿ, ದಿನಚರಿ ಬರೆದು, ಚಿತ್ರ ಬಿಡಿಸಿ ತಂದವರು. ಭಾವೀ ಪತಿಯನ್ನು ಕಂಡದ್ದೂ ಆ ಪ್ರವಾಸದಲ್ಲೇ, 1836ರಲ್ಲಿ, ಸ್ವಿಟ್ಸರ್‌ಲೆಂಡಿನಲ್ಲಿ. ಮಕ್ಕಳು ಹುಟ್ಟಿದ ಮೇಲೆ ಅವರ ಆಟ, ಮಾತು, ತುಂಟತನ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು.

ಆಮೇಲೆ 1861ರ ಜುಲೈ ಬಂತು. ಒಂದು ಮಧ್ಯಾಹ್ನ ಫ್ರಾನ್ಸಿಸ್ ಅವರ ತೆಳುಬಟ್ಟೆಯ ಉಡುಪಿಗೆ ಬೆಂಕಿ ಹತ್ತಿತು. ಮಕ್ಕಳ ಕೂದಲಿನ ಸುರುಳಿಗಳನ್ನು ಕತ್ತರಿಸಿ, ಪೊಟ್ಟಣಕಟ್ಟಿ, ಅರಗಿನಿಂದ ಮುದ್ರೆ ಒತ್ತುತ್ತಿದ್ದಾಗ ಹೀಗಾಯಿತು ಎಂಬುದು ಸಾಮಾನ್ಯವಾಗಿ ಹೇಳುವ ವಿವರ. ಉಳಿಸಲು ಓಡಿದ ಪತಿಗೂ ಸುಟ್ಟಗಾಯಗಳಾದವು. ಮರುದಿನ ಆಕೆ ತೀರಿಕೊಂಡರು. ನಾಲ್ಕೇ ದಿನಗಳಲ್ಲಿ ಆಕೆಯ ತಂದೆ ನೇಥನ್ ಆ್ಯಪಲ್‌ಟನ್ ಅವರೂ ತೀರಿಕೊಂಡರು. ಲಾಂಗ್‌ಫೆಲೋ ಅವರ ಚಿತ್ರಗಳಲ್ಲಿ ಕಾಣುವ ಉದ್ದನೆಯ ಬಿಳಿಗಡ್ಡ ಆ ಗಾಯಗಳ ನಂತರ ಬಿಟ್ಟದ್ದು. ಚಾರ್ಲಿಗೆ ಆಗ ಹದಿನೇಳು ವರ್ಷ.

ಇಲ್ಲಿಂದ ಮುಂದೆ ತಂದೆ ಮಗನ ನಡುವಿನ ಕಾಗದಗಳನ್ನು ಓದುವವರು ಈ ಘಟನೆಯನ್ನು ಮರೆಯುವಂತಿಲ್ಲ. ಒಬ್ಬರಿಗೆ ಮನೆಯಲ್ಲಿ ಉಳಿದವರನ್ನೆಲ್ಲ ಕಣ್ಣೆದುರು ಇಟ್ಟುಕೊಳ್ಳಬೇಕೆಂಬ ಹಂಬಲ. ಇನ್ನೊಬ್ಬನಿಗೆ ಮನೆಯಲ್ಲಿ ಕಾಲು ನಿಲ್ಲದು. 1863ರ ಮಾರ್ಚ್ ತಿಂಗಳಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ಹದಿನೆಂಟರ ಚಾರ್ಲಿ ಹೇಳದೆ ಕೇಳದೆ ಮನೆ ಬಿಟ್ಟು ಸೈನ್ಯ ಸೇರಲು ಹೋದ. ಹೋದ ಮೇಲೆ ತಂದೆಗೆ ಒಂದು ಕಾಗದ ಬರೆದ. ನಿಮ್ಮ ಅಪ್ಪಣೆಯಿಲ್ಲದೆ ಹೋಗಬಾರದೆಂದು ಎಷ್ಟೋ ಪ್ರಯತ್ನಪಟ್ಟೆ, ಇನ್ನು ತಡೆದುಕೊಳ್ಳಲಾರೆ ಎಂಬುದು ಅದರ ಸಾರಾಂಶ. ಬಾಲ್ಯದಲ್ಲಿ ಬಂದೂಕಿನ ಅಪಘಾತದಲ್ಲಿ ಎಡಗೈ ಹೆಬ್ಬೆರಳನ್ನೇ ಕಳೆದುಕೊಂಡಿದ್ದ ಹುಡುಗ ಇವನು! ಆದರೂ ತಂದೆ ಕೊನೆಗೆ ಒಪ್ಪಿದರು, ಮೊದಲ ಮ್ಯಾಸಚೂಸೆಟ್ಸ್ ಅಶ್ವದಳದಲ್ಲಿ ಅವನು ಸೆಕೆಂಡ್ ಲೆಫ್ಟಿನೆಂಟ್ ಆದ. ಅದೇ ವರ್ಷದ ನವೆಂಬರ್ ಕೊನೆಯಲ್ಲಿ ವರ್ಜೀನಿಯಾದ ಕಾಳಗವೊಂದರಲ್ಲಿ ಗುಂಡೊಂದು ಅವನ ಬೆನ್ನನ್ನು ಅಡ್ಡಲಾಗಿ ಸೀಳಿಕೊಂಡು ಹೋಯಿತು. ಬೆನ್ನುಮೂಳೆಗೆ ಕೂದಲೆಳೆಯಷ್ಟು ದೂರ. ತಂದೆಯೂ ತಮ್ಮ ಅರ್ನೆಸ್ಟನೂ ವಾಷಿಂಗ್ಟನ್‌ವರೆಗೆ ಹೋಗಿ ಅವನನ್ನು ಮನೆಗೆ ಕರೆತಂದರು.

ಆ ಬೆನ್ನಿನ ಗುರುತನ್ನೂ ನೆನಪಿನಲ್ಲಿಡಿ.

ಗಾಯ ಮಾಯಿತು, ಕಾಲಿನ ಚಕ್ರ ನಿಲ್ಲಲಿಲ್ಲ. 1866ರಲ್ಲಿ 'ಆಲಿಸ್' ಎಂಬ ಚಿಕ್ಕ ಹಾಯಿದೋಣಿಯಲ್ಲಿ ಕೆಲವೇ ಜನರೊಂದಿಗೆ ಅಟ್ಲಾಂಟಿಕ್ ಸಾಗರವನ್ನೇ ದಾಟಿ ಇಂಗ್ಲೆಂಡ್ ತಲುಪಿದ. 1868-69ರಲ್ಲಿ ಯೂರೋಪಿನಿಂದ ಮುಂದುವರಿದು ನಮ್ಮ ಭಾರತಕ್ಕೂ ಬಂದು ಹೋದ. ಎರಡು ವರ್ಷ ಕಳೆಯಿತೋ ಇಲ್ಲವೋ, ಜಪಾನು.

ಈಗ ಸ್ವಲ್ಪ ಅಂಚೆಯ ವಿಚಾರ ಮಾತನಾಡೋಣ. ಹಳೆಯ ಕಾಗದ ಓದುವವರು ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆ, ಇದು ಎಷ್ಟು ದಿನಕ್ಕೆ ತಲುಪಿತು ಎಂಬುದು. ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಯೋಕೋಹಾಮಾ ನಡುವೆ ಪೆಸಿಫಿಕ್ ಮೇಲ್ ಕಂಪೆನಿಯ ಉಗಿಹಡಗು ಓಡಾಡತೊಡಗಿದ್ದು 1867ರಲ್ಲಿ. ಅಮೆರಿಕದ ಪೂರ್ವ ಪಶ್ಚಿಮಗಳನ್ನು ಜೋಡಿಸುವ ರೈಲುಹಾದಿ ಪೂರ್ಣವಾದದ್ದು 1869ರಲ್ಲಿ. ಇವೆರಡೂ ಇಲ್ಲದಿದ್ದರೆ ಚಾರ್ಲಿಯ ದಿಢೀರ್ ನಿರ್ಧಾರ ಸಾಧ್ಯವೇ ಆಗುತ್ತಿರಲಿಲ್ಲ. 1871ರ ಜೂನ್ 1ರಂದು ಹಡಗು ಹತ್ತಿದವನು 25ರಂದು ಯೋಕೋಹಾಮಾದಲ್ಲಿ ಇಳಿದ. ಕಾಗದಕ್ಕೂ ಅಷ್ಟೇ ದಿನ, ಮೇಲೆ ರೈಲಿನಲ್ಲಿ ಒಂದು ವಾರ. ಅಂದರೆ ಮನೆಗೆ ತಲುಪಲು ಒಂದು ತಿಂಗಳಿಗೂ ಮಿಕ್ಕಿ ಬೇಕು, ಉತ್ತರ ಬರಲು ಎರಡು ಎರಡೂವರೆ ತಿಂಗಳು. ಚಾರ್ಲಿ ಜಪಾನಿನಲ್ಲಿ ಇದ್ದದ್ದು ಇಪ್ಪತ್ತು ತಿಂಗಳು. ಒಂದು ಪ್ರಶ್ನೆಗೆ ಉತ್ತರ ಕೈಸೇರಿದ ಮೇಲೆ ಮುಂದಿನ ಪ್ರಶ್ನೆ ಎಂಬ ಲೆಕ್ಕದಲ್ಲಿ ಆ ಇಪ್ಪತ್ತು ತಿಂಗಳಲ್ಲಿ ತಂದೆ ಮಗನ ನಡುವೆ ಆಗಬಹುದಾಗಿದ್ದದ್ದು ಎಂಟು ಸರದಿ ಮಾತುಕತೆ. ಈಗ ದೂರವಾಣಿಯಲ್ಲಿ ಹತ್ತು ನಿಮಿಷದಲ್ಲಿ ಮುಗಿಯುವಷ್ಟು!

ಇದರ ಪರಿಣಾಮ ಕಾಗದದ ಒಳಗೂ ಕಾಣುತ್ತದೆ. ಕಾಯಿಲೆ ಬಿದ್ದವನು ಕಾಗದ ತಲುಪುವಷ್ಟರಲ್ಲಿ ಗುಣವಾಗಿರುತ್ತಾನೆ, ಅಥವಾ ಇಲ್ಲವೇ ಇಲ್ಲ. ಹಾಗಿರುವಾಗ ಕಾಯಿಲೆಯ ಸುದ್ದಿ ಬರೆದು ಮನೆಯವರನ್ನು ಗಾಬರಿಗೊಳಿಸುವುದೇಕೆ? ದೂರದಲ್ಲಿರುವವನು ಮನೆಯವರಿಗೆ ಕಷ್ಟ ಹೇಳುವುದು ಅದು ಕಳೆದ ಮೇಲೆ; ಖರ್ಚು ಹೇಳುವುದು ದುಡ್ಡು ಮುಗಿದ ಮೇಲೆ. ಉಭಯ ಕುಶಲೋಪರಿಯಿಂದ ಶುರುವಾಗುವ ಯಾವ ಕಾಗದದಲ್ಲೂ ಈ ಜಾಣತನ ಸ್ವಲ್ಪವಾದರೂ ಇದ್ದೇ ಇರುತ್ತದೆ. ಇನ್ನೊಂದು ಮಾತು. ಆಗಿನ ಮನೆಗಳಲ್ಲಿ ದೂರದ ಕಾಗದವನ್ನು ಒಬ್ಬರೇ ಓದುತ್ತಿರಲಿಲ್ಲ. ಊಟದ ಮೇಜಿನ ಬಳಿ ಗಟ್ಟಿಯಾಗಿ ಓದಿ, ನೆಂಟರಿಗೂ ಕೊಡುತ್ತಿದ್ದರು. ಚಾರ್ಲಿಗೆ ಮೂವರು ತಂಗಿಯರು: ಆಲಿಸ್, ಈಡಿತ್, ಆ್ಯನಿ. ಮನೆಗೆ ಬರೆದದ್ದನ್ನೆಲ್ಲ ಇವರೂ ಕೇಳುತ್ತಾರೆ ಎಂಬುದು ಅವನಿಗೆ ಗೊತ್ತು. ಆದ್ದರಿಂದ ಒಬ್ಬ ಪ್ರವಾಸಿ ಕಂಡದ್ದಷ್ಟೂ ಅವನ ಕಾಗದದಲ್ಲಿದೆ ಎಂದು ನಂಬಿದರೆ ಮೋಸಹೋಗುತ್ತೇವೆ. ಕಾಗದದಲ್ಲಿರುವುದು ಮನೆಮಂದಿಯ ಮುಂದೆ ಹೇಳಬಹುದಾದಷ್ಟು.

ಹಾಗಾದರೆ ಜಪಾನಿನಲ್ಲಿ ಅವನು ಕಂಡದ್ದೇನು? ಅಮೆರಿಕದ ರಾಯಭಾರಿ ಚಾರ್ಲ್ಸ್ ಡಿಲಾಂಗ್ ಅವರ ಪರಿಚಯ ಬೇಗ ಸಿಕ್ಕಿತು. ಆ ಕಾಲದಲ್ಲಿ ವಿದೇಶಿಯರು ಬಂದರು ಪಟ್ಟಣಗಳ ಸುತ್ತ ಸುಮಾರು ನಲವತ್ತು ಕಿಲೋಮೀಟರಿನ ಎಲ್ಲೆ ದಾಟಿ ಒಳನಾಡಿಗೆ ಹೋಗಬೇಕಾದರೆ ವಿಶೇಷ ಪರವಾನಗಿ ಬೇಕಿತ್ತು. ರಾಯಭಾರಿಯ ಜೊತೆಯಲ್ಲಿದ್ದುದರಿಂದ ಚಾರ್ಲಿಗೆ ಮುಚ್ಚಿದ ಬಾಗಿಲುಗಳು ತೆರೆದವು. ಮೇಜಿ ಚಕ್ರವರ್ತಿಯ ದರ್ಶನವಾಯಿತು. ಉತ್ತರದ ಹೊಕ್ಕೈಡೊ ದ್ವೀಪಕ್ಕೆ ಹೋಗಿ ಅಲ್ಲಿನ ಮೂಲನಿವಾಸಿಗಳಾದ ಐನು ಜನರ ಹಳ್ಳಿಗಳನ್ನು ನೋಡಿದ. ಟೋಕಿಯೋದಲ್ಲಿ ಮನೆಯನ್ನೇ ಮಾಡಿದ. ಮನೆಗೆ ಬರೆದ ಕಾಗದಗಳಲ್ಲಿ ಇವೆಲ್ಲ ಉತ್ಸಾಹದಿಂದ ಬರುತ್ತವೆ. ದಿನಚರಿಯನ್ನೂ ಇಟ್ಟಿದ್ದ. ಇವೆರಡನ್ನೂ ಕ್ರಿಸ್ಟೀನ್ ಲೇಡ್‌ಲಾ ಎಂಬ ವಿದ್ವಾಂಸೆ ಸಂಪಾದಿಸಿ 1998ರಲ್ಲಿ ಪುಸ್ತಕವಾಗಿ ಹೊರತಂದರು.

ಇನ್ನು ಪೆಟ್ಟಿಗೆಗಳು. ಮಡಿಸುವ ತೆರೆಗಳು, ಬೀಸಣಿಗೆಗಳು, ರೇಷ್ಮೆಯ ನಿಲುವಂಗಿಗಳು, ಪಿಂಗಾಣಿ, ಚಿತ್ರಪುಸ್ತಕಗಳು, ರಾಶಿ ಫೋಟೋಗಳು. ಅಂದಿನ ಬಾಸ್ಟನ್ ಸುತ್ತಮುತ್ತಲ ಜನ ಚೀನಾದ ಸಾಮಾನು ಕಂಡಿದ್ದರು, ಜಪಾನಿನದು ಅಪರೂಪ. ಇಷ್ಟೊಂದನ್ನು ಒಬ್ಬ ಇಪ್ಪತ್ತೇಳರ ಯುವಕ ಹೇಗೆ ಕೊಂಡ? ಅಲ್ಲಿಯವರು ಏಕೆ ಮಾರಿದರು? ಪೆಟ್ಟಿಗೆಯ ವಸ್ತುಗಳನ್ನು ನೋಡಿ ಚೆಂದವಾಗಿದೆ ಎಂದು ಮುಂದೆ ಹೋಗುವವರಿಗೆ ಈ ಪ್ರಶ್ನೆಗಳು ಹೊಳೆಯುವುದಿಲ್ಲ. ಚಾರ್ಲಿ ಬಂದಿಳಿದ ಎರಡೇ ತಿಂಗಳಲ್ಲಿ, 1871ರ ಆಗಸ್ಟ್‌ನಲ್ಲಿ, ಜಪಾನಿನ ಹೊಸ ಸರ್ಕಾರ ಹಳೆಯ ಸಂಸ್ಥಾನಗಳನ್ನೆಲ್ಲ ರದ್ದುಮಾಡಿತು. ಸಂಸ್ಥಾನಾಧಿಪತಿಗಳು ತಮ್ಮ ಕೋಟೆಗಳನ್ನು ಬಿಟ್ಟು ಟೋಕಿಯೋದಲ್ಲಿ ಬಂದು ನೆಲೆಸಬೇಕಾಯಿತು. ತಲೆತಲಾಂತರದಿಂದ ಸಂಸ್ಥಾನದ ಭತ್ತವೇ ಸಂಬಳವಾಗಿದ್ದ ಸಾಮುರಾಯ್ ಯೋಧರ ಆದಾಯ ಕರಗತೊಡಗಿತು. 1876ರಲ್ಲಿ ಆ ವೇತನವೂ ನಿಂತಿತು, ಕತ್ತಿ ಕಟ್ಟಿಕೊಂಡು ಓಡಾಡುವ ಹಕ್ಕೂ ಹೋಯಿತು. 1868ರಿಂದಾಚೆಗೆ ಶಿಂಟೋ ಮತ್ತು ಬೌದ್ಧ ಧರ್ಮಗಳನ್ನು ಬೇರ್ಪಡಿಸುವ ಆಜ್ಞೆಯ ನೆಪದಲ್ಲಿ ಎಷ್ಟೋ ಬೌದ್ಧ ದೇಗುಲಗಳು ಹಾಳಾಗಿ, ವಿಗ್ರಹಗಳು ಅಂಗಡಿಗೆ ಬಂದಿದ್ದವು. ಹೀಗೆ ಹಳೆಯ ಮನೆತನಗಳ ಸಾಮಾನು ಬೀದಿಗೆ ಬಿದ್ದ ಕಾಲದಲ್ಲಿ ಕೈಯಲ್ಲಿ ಬೆಳ್ಳಿ ನಾಣ್ಯವಿದ್ದ ವಿದೇಶಿಯನಿಗೆ ಸುಗ್ಗಿ. ಚಾರ್ಲಿ ಕೊಂಡದ್ದೆಲ್ಲ ಹೀಗೆ ಬಂದದ್ದಲ್ಲ. ಪ್ರವಾಸಿಗಳಿಗೆಂದೇ ಹೊಸದಾಗಿ ಮಾಡಿದ ಸಾಮಾನೂ ಯೋಕೋಹಾಮಾದ ಅಂಗಡಿಗಳಲ್ಲಿ ತುಂಬಿತ್ತು. ಆದರೆ ಒಬ್ಬರ ಮನೆಯ ಬೀಳ್ಕೊಡುಗೆ ಇನ್ನೊಬ್ಬರ ಮನೆಯ ನೆನಪಿನ ವಸ್ತುವಾಗುತ್ತಿದ್ದ ಹೊತ್ತು ಅದು ಎಂಬುದಂತೂ ನಿಜ.

ಕೊಳ್ಳುವವನ ಬಲಕ್ಕೆ ಇನ್ನೊಂದು ಕಾರಣ ಒಪ್ಪಂದಗಳು. 1858ರಲ್ಲಿ ಅಮೆರಿಕ ಜಪಾನಿನ ಮೇಲೆ ಹೇರಿದ ಒಪ್ಪಂದದ ಪ್ರಕಾರ ಅಮೆರಿಕದವನೊಬ್ಬ ಅಲ್ಲಿ ತಪ್ಪು ಮಾಡಿದರೆ ವಿಚಾರಣೆ ಮಾಡುವುದು ಅವನದೇ ದೇಶದ ಕಾನ್ಸಲ್, ಜಪಾನಿನ ನ್ಯಾಯಾಲಯವಲ್ಲ. ಆಮದು ಸುಂಕವನ್ನೂ ಜಪಾನು ತನ್ನಿಚ್ಛೆಯಂತೆ ಏರಿಸುವಂತಿರಲಿಲ್ಲ. ಈ ವಿಚಾರಣೆಯ ರಿಯಾಯಿತಿ ಕೊನೆಗೊಂಡದ್ದು 1899ರಲ್ಲಿ. ಅಂದಮೇಲೆ ಚಾರ್ಲಿಯ ಓಡಾಟದ ಆ ನಿರಾಳ ಅವನ ಸ್ವಭಾವದಿಂದಷ್ಟೇ ಬಂದದ್ದಲ್ಲ.

ಹಣದ ಮಾತು ಬಾಕಿಯಿತ್ತಲ್ಲ. ಅವನ ಪ್ರವಾಸವೆಲ್ಲ ನಡೆದದ್ದು ತಾಯಿಯ ಕಡೆಯ ಆಸ್ತಿಯಿಂದ. ನೇಥನ್ ಆ್ಯಪಲ್‌ಟನ್ ಅವರು ವಾಲ್ತಮ್ ಮತ್ತು ಲೋವೆಲ್ ಊರುಗಳ ಬಟ್ಟೆ ಗಿರಣಿಗಳನ್ನು ಬೆಳೆಸಿದವರಲ್ಲಿ ಒಬ್ಬರು. ಆ ಗಿರಣಿಗಳ ಹತ್ತಿ ಬರುತ್ತಿದ್ದದ್ದು ದಕ್ಷಿಣ ರಾಜ್ಯಗಳಿಂದ, ಬೆಳೆಯುತ್ತಿದ್ದವರು ಗುಲಾಮರು. ಅಳಿಯ ಲಾಂಗ್‌ಫೆಲೋ 1842ರಲ್ಲೇ ಗುಲಾಮಗಿರಿಯ ವಿರುದ್ಧ ಪದ್ಯಗಳ ಪುಸ್ತಕ ಪ್ರಕಟಿಸಿದವರು. ಮೊಮ್ಮಗ ಅದೇ ದಕ್ಷಿಣದ ಸೈನ್ಯದ ಗುಂಡು ತಿಂದವನು. ಆದರೂ ಯೋಕೋಹಾಮಾದಲ್ಲಿ ಬೀಸಣಿಗೆ ಕೊಂಡ ಡಾಲರಿನ ಬೇರು ಹತ್ತಿಯ ಹೊಲದಲ್ಲೇ ಇತ್ತು. ಇದನ್ನು ಆ ಕುಟುಂಬದ ಮೇಲಿನ ದೂರಾಗಿ ನಾನು ಹೇಳುತ್ತಿಲ್ಲ. ಒಂದು ಪೆಟ್ಟಿಗೆಯ ಮುಚ್ಚಳ ತೆಗೆದರೆ ಎಷ್ಟು ದೂರದ ಊರುಗಳು ಒಳಗಿರುತ್ತವೆ ನೋಡಿ ಎಂದು ತೋರಿಸಬೇಕಾಗಿತ್ತು.

ಪೆಟ್ಟಿಗೆಗಳಲ್ಲಿ ಬಂದ ಫೋಟೋಗಳ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ಆಗ ಪ್ರವಾಸಿಯ ಕೈಯಲ್ಲಿ ಕ್ಯಾಮೆರಾ ಇರುತ್ತಿರಲಿಲ್ಲ. ಗಾಜಿನ ಹಲಗೆಗೆ ರಾಸಾಯನಿಕ ದ್ರಾವಣ ಬಳಿದು, ಅದು ಒಣಗುವ ಮೊದಲೇ ಚಿತ್ರ ತೆಗೆದು, ಕತ್ತಲೆ ಕೋಣೆಗೆ ಓಡಬೇಕಾದ ಕಾಲ ಅದು. ಮುದ್ರಿಸುವ ಕಾಗದಕ್ಕೆ ಮೊಟ್ಟೆಯ ಬಿಳಿಯ ಲೇಪ. ಈ ಕೆಲಸ ಸ್ಟುಡಿಯೋಗಳದು. ಯೋಕೋಹಾಮಾದಲ್ಲಿ ಫೆಲಿಚೆ ಬೆಯಾಟೊ ಎಂಬಾತನ ಸ್ಟುಡಿಯೋ ಹೆಸರುವಾಸಿಯಾಗಿತ್ತು. ಅಲ್ಲಿ ಜಪಾನೀ ಕಲಾವಿದರು ಕುಂಚ ಹಿಡಿದು ಒಂದೊಂದು ಫೋಟೋಕ್ಕೂ ಕೈಯಿಂದ ಬಣ್ಣ ಹಾಕುತ್ತಿದ್ದರು. ಹಿಂದೆ ಮರದ ಅಚ್ಚಿನ ಚಿತ್ರಗಳಿಗೆ ಹಾಕುತ್ತಿದ್ದ ಬಣ್ಣದ ಕೌಶಲವೇ ಇಲ್ಲಿಗೂ ಒದಗಿತು. ಪಲ್ಲಕ್ಕಿ ಹೊರುವವರು ಎಂದೆಲ್ಲ ಸ್ಟುಡಿಯೋಗಳು ಬೇಕಾದ ದೃಶ್ಯ ಹೂಡಿ ಮಾರುತ್ತಿದ್ದ ಹಾಗೆ ನಮ್ಮ ಕಾಲದ ಪಿಕ್ಚರ್ ಕಾರ್ಡುಗಳೂ ಇವೆಯಲ್ಲವೆ, ಅಂಥದೇ. ಕತ್ತಿ ಹಿಡಿದು ನಿಂತ ಯೋಧನ ಫೋಟೋದಲ್ಲಿರುವವನು ನಿಜವಾದ ಯೋಧನೋ, ದಿನಗೂಲಿಗೆ ಬಂದು ವೇಷ ಹಾಕಿ ನಿಂತವನೋ ಎಂಬ ಸಂಶಯ ಇಟ್ಟುಕೊಂಡೇ ನೋಡಬೇಕು. ಪ್ರವಾಸಿಗೆ ಬೇಕಾದದ್ದು ಹಳೆಯ ಜಪಾನು. ಅದೇ ಹೊತ್ತಿಗೆ, 1872ರ ಅಕ್ಟೋಬರ್‌ನಲ್ಲಿ, ಟೋಕಿಯೋ ಮತ್ತು ಯೋಕೋಹಾಮಾ ನಡುವೆ ಉಗಿಬಂಡಿ ಓಡತೊಡಗಿತ್ತು!

ಅಂಗಡಿಯಲ್ಲಿ ಕೊಂಡ ಫೋಟೋಗಳ ಜೊತೆಗೆ ಅವನದೇ ಫೋಟೋಗಳೂ ಇವೆ. ಅವುಗಳಲ್ಲಿ ಒಂದನ್ನು ನೋಡಿದವರು ಮರೆಯುವುದಿಲ್ಲ. ಚಾರ್ಲಿ ಅಂಗಿ ಕಳಚಿ ಬೆನ್ನು ತೋರಿಸಿ ಕುಳಿತಿದ್ದಾನೆ. ಬೆನ್ನ ತುಂಬ ಹಚ್ಚೆ: ಈಜುತ್ತಿರುವ ದೊಡ್ಡ ಕಾರ್ಪ್ ಮೀನು. ಜಲಪಾತಕ್ಕೆ ಎದುರಾಗಿ ಹತ್ತಿ ಗೆದ್ದ ಕಾರ್ಪ್ ಮೀನು ಡ್ರ್ಯಾಗನ್ ಆಗುತ್ತದೆ ಎಂಬುದು ಚೀನಾದಿಂದ ಜಪಾನಿಗೆ ಬಂದ ಕಥೆ. ಛಲದ ಗುರುತು ಅದು. ಹಿಂದೆ ವರ್ಜೀನಿಯಾದಲ್ಲಿ ಗುಂಡು ಸೀಳಿದ್ದ ಬೆನ್ನೇ ಇದು. ಗಾಯದ ಗುರುತನ್ನು ಮುಚ್ಚಲು ಹಾಕಿಸಿದನೆ, ಮೆರೆಸಲು ಹಾಕಿಸಿದನೆ ಎಂದು ಊಹೆ ಹರಿಬಿಡಬಹುದು. ನಾನು ಅದಕ್ಕೆ ಹೋಗುವುದಿಲ್ಲ. ಆದರೆ ಇಷ್ಟನ್ನು ನೋಡಿ. ಬೆನ್ನ ತುಂಬ ಹಚ್ಚೆ ಒಂದು ದಿನದ ಕೆಲಸವಲ್ಲ. ಸೂಜಿಯ ಗೊಂಚಲನ್ನು ಕೈಯಿಂದಲೇ ಚುಚ್ಚುತ್ತಾ ಹೋಗುವ ಆ ಪದ್ಧತಿಗೆ ಎಷ್ಟೋ ಕುಳಿತಗಳು ಬೇಕು, ನೋವು ತಡೆಯಬೇಕು, ಹಚ್ಚೆಯವನನ್ನು ನಂಬಬೇಕು. ಒಬ್ಬ ಜಪಾನೀ ಕುಶಲಕರ್ಮಿಯ ಕೈಕೆಳಗೆ ಗಂಟೆಗಟ್ಟಲೆ ಬೋರಲು ಮಲಗಿದ್ದ ಅಮೆರಿಕದವನು, ಅಂಗಡಿಯಲ್ಲಿ ಬೆಲೆ ಚೌಕಾಸಿ ಮಾಡುವ ಅಮೆರಿಕದವನಿಗಿಂತ ಬೇರೆಯವನಾಗಿ ನನಗೆ ಕಾಣುತ್ತಾನೆ.

ಇದರಲ್ಲಿ ಒಂದು ವಿಪರ್ಯಾಸವೂ ಇದೆ. 1872ರಲ್ಲಿ ಜಪಾನಿನ ಸರ್ಕಾರ ತನ್ನ ಪ್ರಜೆಗಳು ಹಚ್ಚೆ ಹಾಕಿಸಿಕೊಳ್ಳುವುದನ್ನು ನಿಷೇಧಿಸಿತು. ಪಾಶ್ಚಾತ್ಯರ ಕಣ್ಣಿಗೆ ಅನಾಗರಿಕರಾಗಿ ಕಾಣಬಾರದೆಂಬುದೇ ಕಾರಣ. ಆ ಪಾಶ್ಚಾತ್ಯರೇ ಹುಡುಕಿಕೊಂಡು ಬಂದು ಹಚ್ಚೆ ಹಾಕಿಸಿಕೊಂಡು ಹೋಗುತ್ತಿದ್ದರು! ಆ ನಿಷೇಧ ತೆರವಾದದ್ದು 1948ರಲ್ಲಿ.

ಕಾಗದ, ಫೋಟೋ, ಪಿಂಗಾಣಿ ಎಲ್ಲವೂ ಅಂಚೆಯಲ್ಲೋ ಹಡಗಿನಲ್ಲೋ ಮನೆ ಸೇರಬಲ್ಲವು. ಹಚ್ಚೆ ಮಾತ್ರ ಹಾಕಿಸಿಕೊಂಡವನ ಜೊತೆಯಲ್ಲೇ ಬರಬೇಕು. ಬಂದ ಮೇಲೂ ಅಂಗಿಯ ಒಳಗೇ ಇರುತ್ತದೆ. ಕ್ರಿಸ್ಟೀನ್ ಗತ್ ಎಂಬ ಕಲಾ ಇತಿಹಾಸಕಾರ್ತಿ ಚಾರ್ಲಿಯ ಪ್ರವಾಸ ಮತ್ತು ಸಂಗ್ರಹವನ್ನು ಕುರಿತು 2004ರಲ್ಲಿ ಒಂದು ದೊಡ್ಡ ಪುಸ್ತಕ ಬರೆದಾಗ ಅದರ ಹೆಸರಿನಲ್ಲೇ ಈ ಹಚ್ಚೆಗಳನ್ನು ಮುಂದಿಟ್ಟರು.

1873ರ ವಸಂತದಲ್ಲಿ ಅವನು ಜಪಾನು ಬಿಟ್ಟು ಚೀನಾದ ಕಡೆ ಹೊರಟ. ಮುಂದೆ ಆಗ್ನೇಯ ಏಷ್ಯಾದ ಊರುಗಳನ್ನೂ ನೋಡಿಕೊಂಡು 1874ರ ಸುಮಾರಿಗೆ ಮನೆ ಸೇರಿದ. ಬ್ರಾಟಲ್ ಬೀದಿಯ ಮನೆಯಲ್ಲಿ ಒಂದು ಕೋಣೆ ಜಪಾನೀ ಕೋಣೆಯಾಯಿತು. ಚಾವಣಿಯ ಮೇಲೂ ಬೀಸಣಿಗೆಗಳು ಹರಡಿಕೊಂಡವು. ತಂದೆ ಲಾಂಗ್‌ಫೆಲೋ ತಮ್ಮ ನಡುವಯಸ್ಸಿನ ನಂತರ ದೂರದ ಪ್ರಯಾಣವನ್ನು ಹೆಚ್ಚಾಗಿ ಮಾಡಿದ್ದು ಪುಸ್ತಕಗಳ ಮೂಲಕ. ಜಗತ್ತಿನ ನಾನಾ ದೇಶಗಳನ್ನು ಕುರಿತ ಪದ್ಯಗಳ ಸಂಪುಟಮಾಲೆಯನ್ನೇ ಅವರು 1870ರ ದಶಕದಲ್ಲಿ ಸಂಪಾದಿಸಿದರು. 1878ರಲ್ಲಿ ಪ್ರಕಟವಾದ 'ಕೆರಮಾಸ್' ಎಂಬ ಅವರ ದೀರ್ಘಪದ್ಯದಲ್ಲಿ ಕುಂಬಾರನ ತಿಗರಿ ತಿರುಗುತ್ತಿರುವಂತೆ ಕವಿಯ ಮನಸ್ಸು ದೇಶದಿಂದ ದೇಶಕ್ಕೆ ಹಾರಿ ಕೊನೆಯ ಹೊತ್ತಿಗೆ ಜಪಾನಿನ ಪಿಂಗಾಣಿಯ ಬಳಿ ಬರುತ್ತದೆ. ಅವರು ಜಪಾನು ನೋಡಿರಲಿಲ್ಲ. ಆದರೆ ಅಲ್ಲಿಯ ವಸ್ತುಗಳು ಮನೆಯೊಳಗೇ ಇದ್ದವು, ತಂದುಕೊಟ್ಟವನು ಮಹಡಿಯ ಮೇಲೆ ಇದ್ದ.

ಬಾಸ್ಟನ್ನಿನ ಸುತ್ತ ಆಮೇಲೆ ಜಪಾನಿನ ಹುಚ್ಚೇ ಹಬ್ಬಿತು. ಎಡ್ವರ್ಡ್ ಮೋರ್ಸ್, ಅರ್ನೆಸ್ಟ್ ಫೆನೊಲೊಸಾ, ವಿಲಿಯಂ ಬಿಗೆಲೋ ಮುಂತಾದವರು 1877ರಿಂದಾಚೆಗೆ ಜಪಾನಿಗೆ ಹೋಗಿ, ವಿದ್ವಾಂಸರ ಕಣ್ಣಿನಿಂದ ಆರಿಸಿ ತಂದ ವಸ್ತುಗಳು ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯವನ್ನು ತುಂಬಿದವು. ಅವರ ಹೆಸರು ಕಲೆಯ ಇತಿಹಾಸದಲ್ಲಿ ದೊಡ್ಡದು. ಅವರಿಗಿಂತ ಆರು ವರ್ಷ ಮೊದಲೇ ಹೋದ ಚಾರ್ಲಿಯ ಪೆಟ್ಟಿಗೆಗಳನ್ನು ಬಹುಕಾಲ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನು ತಂದದ್ದು ಮೇರುಕೃತಿಗಳಲ್ಲ, ಇಷ್ಟವಾದ ಸಾಮಾನು. ಇತಿಹಾಸದ ವಿದ್ಯಾರ್ಥಿಗೆ ಅದೇ ಅವುಗಳ ಬೆಲೆ ಎಂದು ನನ್ನ ಅಭಿಪ್ರಾಯ. ಮೇರುಕೃತಿಯನ್ನು ನೋಡಿದರೆ ಅದನ್ನು ಮಾಡಿದವನ ಕೈ ಕಾಣುತ್ತದೆ. ನೆನಪಿನ ವಸ್ತುವಿನಲ್ಲಿ ಕೊಂಡವನ ಮನಸ್ಸೂ ಕಾಣುತ್ತದೆ.

ಅವು ಉಳಿದದ್ದು ಹೇಗೆ ಎಂಬುದಕ್ಕೆ ಉತ್ತರ ತಂಗಿ ಆಲಿಸ್. ತಂದೆ 1882ರಲ್ಲಿ ತೀರಿಕೊಂಡರು. ಚಾರ್ಲಿ 1885ರಲ್ಲೂ 1891ರಲ್ಲೂ ಮತ್ತೆ ಜಪಾನಿಗೆ ಹೋಗಿಬಂದು, 1893ರ ಏಪ್ರಿಲ್‌ನಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ ಹೋದ. ಆಲಿಸ್ ಮದುವೆಯಾಗದೆ ಆ ಮನೆಯಲ್ಲೇ ಉಳಿದರು. ಕಾಗದಗಳನ್ನು ಸುಡಲಿಲ್ಲ, ಫೋಟೋಗಳನ್ನು ಹಂಚಿಬಿಡಲಿಲ್ಲ. 1913ರಲ್ಲಿ ಕುಟುಂಬದವರು ಸೇರಿ ಮನೆಯನ್ನು ಕಾಪಾಡಲು ಒಂದು ವಿಶ್ವಸ್ತ ಮಂಡಳಿ ಮಾಡಿದರು. ಆಲಿಸ್ 1928ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. 1972ರಲ್ಲಿ ಮನೆ ಅಮೆರಿಕ ಸರ್ಕಾರದ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಗೆ ಸೇರಿತು. ಮನೆಗೆ ಬಂದ ಕಾಗದ ಉಳಿಯುತ್ತದೆ, ಮನೆಯಿಂದ ಹೋದ ಕಾಗದ ಎಲ್ಲೋ ಹೋಟೆಲಿನಲ್ಲೋ ಹಡಗಿನಲ್ಲೋ ಕಳೆದುಹೋಗುತ್ತದೆ ಎಂಬುದು ಸಾಮಾನ್ಯ ನಿಯಮ. ಏಕೆಂದರೆ ಮನೆಗೆ ಬೀರು ಇರುತ್ತದೆ, ಪ್ರವಾಸಿಗೆ ಚೀಲ ಮಾತ್ರ. ಹೀಗಾಗಿ ಇಂಥ ಸಂಗ್ರಹಗಳಲ್ಲಿ ನಮಗೆ ಹೆಚ್ಚಾಗಿ ಕೇಳಿಸುವುದು ಹೋದವನ ದನಿ. ಕಾಯುತ್ತ ಕುಳಿತವರ ದನಿಯನ್ನು ಬೇರೆಡೆ ಹುಡುಕಬೇಕು. ಲಾಂಗ್‌ಫೆಲೋ ಪ್ರಸಿದ್ಧರಾದ್ದರಿಂದ ಅವರು ಬರೆದ ಕಾಗದಗಳನ್ನು ಹುಡುಕಿ, 1966ರಿಂದ 1982ರವರೆಗೆ ಆರು ಸಂಪುಟಗಳಲ್ಲಿ ಅಚ್ಚು ಹಾಕಿದ್ದಾರೆ. ಎಲ್ಲ ತಂದೆಯರಿಗೂ ಆ ಭಾಗ್ಯವಿಲ್ಲ.

ಇಂದು ಆ ಮನೆಯ ಕಾಗದಪತ್ರಗಳ ಭಂಡಾರದಲ್ಲಿ ಓಡಿಹೋದ ಹುಡುಗನ ಕ್ಷಮಾಪಣೆಯೂ ಇದೆ, ಯೋಕೋಹಾಮಾದ ಬಣ್ಣದ ಫೋಟೋಗಳೂ ಇವೆ, ತಾಯಿ ಬರೆದಿಟ್ಟ ಮಕ್ಕಳ ಆಟಪಾಟದ ಪುಸ್ತಕವೂ ಇದೆ. ಕಾರ್ಪ್ ಮೀನು ಚಾರ್ಲಿಯ ಜೊತೆಯಲ್ಲೇ ಹೋಯಿತು. ಅದರ ಫೋಟೋ, ಅಂಗೈಯಗಲದ ರಟ್ಟಿಗೆ ಅಂಟಿಸಿದ್ದು, ಉಳಿದಿದೆ.